ಯು ಇಲ್ಲದ ಕ್ಯೂ ಕೈಗೆ ಸಿಕ್ಕಾಗ

ಇಂಗ್ಲಿಷ್ ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದಲ್ಲಿ ಕ್ಯೂ (Q) ಬಂದು, ಅದರ ಜೊತೆ ಸಾಮಾನ್ಯವಾಗಿ ಬೇಕಾಗುವ ಯು (U) ಇಲ್ಲದಿದ್ದರೆ ಏನು ಮಾಡೋದು ಅಂತ ಕೇಳಿದ್ದೀರಲ್ಲ, ಮೊದಲು ಕ್ಯೂ, ಐ ಅನ್ನೋ ಎರಡಕ್ಷರದ ಪದ ಕಲಿತುಬಿಡಿ. ಹೇಳೋದು 'ಚೀ' ಅಂತ, ಚೀನೀಯರು ನಂಬುವ ಜೀವಶಕ್ತಿ, ಹೆಚ್ಚುಕಮ್ಮಿ ನಮ್ಮ ಪ್ರಾಣ ಇದ್ದ ಹಾಗೆ. ಕ್ಯೂ ಒಂದಕ್ಕೇ 10 ಅಂಕ. ಕ್ಯೂ, ಎ, ಟಿ ಕೂಡ ನಡೆಯುತ್ತದೆ, ನಾವು ಎಲೆಅಡಿಕೆ ಹಾಕಿಕೊಂಡ ಹಾಗೆ ಯೆಮನ್‌ನಲ್ಲಿ ಅಗಿಯುವ ಸೊಪ್ಪು ಅದು. ಸ್ವರವೇ ಇಲ್ಲದೆ ಒದ್ದಾಡುವಾಗ ಸಿ, ಡಬ್ಲ್ಯೂ, ಎಂ ಹಾಕಿ: ವೆಲ್ಶ್‌ನಿಂದ ಬಂದದ್ದು, ಬಟ್ಟಲಿನಂಥ ಕಣಿವೆ.

ನಾನು ಮಂಡ್ಯದವನು. ಮೈಸೂರಿನ ಗೆಳೆಯನ ಮನೆ ಜಗಲಿಯಲ್ಲಿ ಆಡುವಾಗ ಸುಮ್ನೆ ಆರ್, ಎ, ಜಿ, ಐ ಜೋಡಿಸಿದೆ. ಇದೆಲ್ಲಿ ಇಂಗ್ಲಿಷ್ ಅಂತ ಜಗಳಕ್ಕೇ ಬಂದ, ಡಿಕ್ಷನರಿ ತೆಗೆದರೆ ರಾಗಿ ಇತ್ತು! ಅಂಕ ಬರೀ 5, ಅವನ ಮುಖ ಮಾತ್ರ ನೋಡಬೇಕಿತ್ತು.