ಗಡ್ಡೆಯಿರುವ ನಾಯಿಯನ್ನು ದತ್ತು ಪಡೆಯಬಹುದೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಎಂಟು ವರ್ಷದ ಗಂಡು ನಾಯಿಯಿದೆ. ಅದಕ್ಕೆ ಜೊತೆಯಾಗಲೆಂದು ನಗರದ ಹೊರವಲಯದ ಪ್ರಾಣಿ ಆಶ್ರಯ ಕೇಂದ್ರವೊಂದರಲ್ಲಿ ಸುಮಾರು ಎರಡು ವರ್ಷದ ಹೆಣ್ಣು ನಾಯಿಯನ್ನು ನೋಡಿ ಬಂದಿದ್ದೇವೆ. ಬೀದಿಯಿಂದ ತಂದಾಗ ಅದರ ಜನನಾಂಗದ ಬಳಿ ರಕ್ತ ಸೋರುವ ಗಡ್ಡೆಯಿತ್ತೆಂದೂ, ಅದು ಒಂದು ಬಗೆಯ ಕ್ಯಾನ್ಸರ್ ಎಂದೂ, ಎರಡು ಇಂಜೆಕ್ಷನ್ ಆದ ಮೇಲೆ ಅರ್ಧದಷ್ಟು ಕರಗಿದೆಯೆಂದೂ ಅಲ್ಲಿಯವರು ತಿಳಿಸಿದರು. ಆ ಮಾತು ಕೇಳಿದಾಗಿನಿಂದ ಅತ್ತೆಯವರು ಬೇಡವೇ ಬೇಡ ಎನ್ನುತ್ತಿದ್ದಾರೆ. ಮನೆಯಲ್ಲಿ ಆರು ವರ್ಷದ ಮಗನಿದ್ದಾನೆ. ನಾದಿನಿ ಹೆರಿಗೆಗೆಂದು ತವರಿಗೆ ಬಂದಿದ್ದಾರೆ. ನಾವು ಈ ನಾಯಿಯನ್ನು ತರಬಹುದೇ?
— ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ಸಹೋದರಿ, ಖಂಡಿತವಾಗಿ ದತ್ತು ಪಡೆಯಿರಿ. ಆದರೆ ಸಾಧ್ಯವಾದರೆ ಅದನ್ನು ಮನೆಗೆ ಕರೆತರುವುದನ್ನು ಚಿಕಿತ್ಸೆ ಮುಗಿಯುವವರೆಗೆ ಮುಂದೂಡಿರಿ. ಹೀಗೆ ಹೇಳಲು ಕಾರಣ ನಿಮ್ಮ ಅತ್ತೆಯವರು ಅಂಜಿರುವ ಕ್ಯಾನ್ಸರ್ ಅಲ್ಲ. ಮನೆಯಲ್ಲಿರುವ ಗಂಡು ನಾಯಿ ಮತ್ತು ಗರ್ಭಿಣಿ ನಾದಿನಿ.

ನೀವು ವಿವರಿಸಿದ ಲಕ್ಷಣಗಳನ್ನು ನೋಡಿದರೆ ಇದು ನಾಯಿಯಿಂದ ನಾಯಿಗೆ ಕೂಡುವಿಕೆಯ ಮೂಲಕ ಹರಡುವ ಗಡ್ಡೆ. ಪಶುವೈದ್ಯರು ಇದನ್ನು ಟಿ.ವಿ.ಟಿ. ಎಂದು ಕರೆಯುತ್ತಾರೆ. ಬೀದಿ ನಾಯಿಗಳು ಹೆಚ್ಚಿರುವ ನಮ್ಮ ಊರುಗಳಲ್ಲಿ ಇದು ಅಪರೂಪವೇನಲ್ಲ. ಹೂಕೋಸಿನ ಹಾಗೆ ಉಬ್ಬುತಗ್ಗಾಗಿ ಬೆಳೆಯುವ ಈ ಗಡ್ಡೆ ಮುಟ್ಟಿದರೆ ಸಾಕು ರಕ್ತ ಒಸರುತ್ತದೆ. ಎಷ್ಟೋ ಮನೆಗಳಲ್ಲಿ ಇದನ್ನು ಬೆದೆಯ ರಕ್ತಸ್ರಾವವೆಂದೇ ತಿಳಿದು ತಿಂಗಳುಗಟ್ಟಲೆ ಕಾಯುವುದುಂಟು. ಇದರ ವಿಶೇಷವೆಂದರೆ ಹರಡುವುದು ವೈರಾಣುವಲ್ಲ, ಗಡ್ಡೆಯ ಜೀವಕೋಶಗಳೇ ಒಂದು ನಾಯಿಯಿಂದ ಉದುರಿ ಇನ್ನೊಂದರಲ್ಲಿ ಬೇರೂರುತ್ತವೆ. ರಷ್ಯಾದ ಪಶುವೈದ್ಯ ನೊವಿನ್‌ಸ್ಕಿ 1876ರಲ್ಲಿಯೇ ಗಡ್ಡೆಯ ತುಣುಕನ್ನು ಬೇರೆ ನಾಯಿಗೆ ನಾಟಿ ಮಾಡಿ ಇದನ್ನು ತೋರಿಸಿದ್ದರು. ಗಡ್ಡೆಯ ಮೇಲೆ ಗಾಜಿನ ಪಟ್ಟಿಯನ್ನು ಮೆಲ್ಲಗೆ ಒತ್ತಿ ತೆಗೆದು ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡಿದರೆ ದುಂಡನೆಯ ಕೋಶಗಳೂ ಅವುಗಳೊಳಗೆ ಸಾಲಾಗಿ ನಿಂತ ತಿಳಿಯಾದ ಸಣ್ಣ ಗುಳ್ಳೆಗಳೂ ಕಾಣುತ್ತವೆ. ಆಶ್ರಯ ಕೇಂದ್ರದವರು ಈ ಪರೀಕ್ಷೆ ಮಾಡಿಸಿದ್ದಾರೆಯೇ ಎಂದು ಮೊದಲು ಕೇಳಿಕೊಳ್ಳಿ.

ಈ ರೋಗ ಮನುಷ್ಯರಿಗೆ ಅಂಟುವುದಿಲ್ಲ. ನಾಯಿಯನ್ನು ಮುಟ್ಟುವುದರಿಂದಾಗಲಿ, ಅದರೊಂದಿಗೆ ಆಡುವುದರಿಂದಾಗಲಿ ನಿಮ್ಮ ಮಗನಿಗೆ ಇದು ಬರುವ ಪ್ರಶ್ನೆಯೇ ಇಲ್ಲ. ಇದನ್ನು ಅತ್ತೆಯವರಿಗೆ ನೀವು ಹೇಳುವುದಕ್ಕಿಂತ, ಅವರನ್ನೂ ಒಮ್ಮೆ ವೈದ್ಯರ ಬಳಿ ಕರೆದೊಯ್ದು ಅವರ ಬಾಯಿಂದಲೇ ಕೇಳಿಸುವುದು ಒಳ್ಳೆಯದು. ಪಕ್ಕದ ಮುಧೋಳದ ತಳಿಯ ಮರಿಗೆ ಸಾವಿರಾರು ರೂಪಾಯಿ ಕೊಡಲು ಹಿಂದೆಮುಂದೆ ನೋಡದ ನಮ್ಮ ಜನ, ಗುಣವಾಗುವ ರೋಗವಿರುವ ಬೀದಿ ನಾಯಿಯನ್ನು ಬರೀ ಒಂದು ಮಾತಿಗೆ ಹೆದರಿ ಕೈಬಿಡುವುದು ನನಗೆ ಬಹಳ ನೋವಿನ ಸಂಗತಿ.

ಚಿಕಿತ್ಸೆಗೆ ಬಳಸುವ ಔಷಧಿ ವಿನ್‌ಕ್ರಿಸ್ಟಿನ್. ನಮ್ಮ ಅಂಗಳಗಳಲ್ಲಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದ ಬಂದ ಔಷಧಿಯಿದು. (ಹಾಗೆಂದು ಆ ಗಿಡದ ಎಲೆಯ ರಸವನ್ನು ನಾಯಿಗೆ ಕುಡಿಸುವ ಪ್ರಯೋಗ ಯಾರೂ ಮಾಡಬಾರದು, ಅದು ವಿಷ.) ವಾರಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಈ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕರಿಂದ ಆರು, ಕೆಲವೊಮ್ಮೆ ಎಂಟು ಬೇಕಾಗುತ್ತದೆ, ಮತ್ತು ಬಹುಪಾಲು ನಾಯಿಗಳು ಇಷ್ಟರಲ್ಲಿಯೇ ಸಂಪೂರ್ಣ ಗುಣವಾಗುತ್ತವೆ. ಔಷಧಿ ರಕ್ತನಾಳದ ಹೊರಗೆ ಒಂದಿಷ್ಟು ಸೋರಿದರೂ ಅಲ್ಲಿನ ಮಾಂಸ ಕೊಳೆಯುತ್ತದೆ. ಆದ್ದರಿಂದ ಸೂಜಿ ಹಾಕುವಾಗ ಕಾಲು ಅಲುಗದಂತೆ ಹಿಡಿಯಲು ನಾಯಿಗೆ ಪರಿಚಯವಿರುವವರು ಜೊತೆಗಿರಬೇಕು. ಇಂಜೆಕ್ಷನ್ ಆದ ದಿನಗಳಲ್ಲಿ ಆ ಕಾಲು ಊದಿಕೊಂಡಿದೆಯೇ, ನಾಯಿ ಅದನ್ನು ಬಿಡದೆ ನೆಕ್ಕುತ್ತಿದೆಯೇ ಎಂದು ನೋಡುತ್ತಿರಬೇಕು. ವಾಂತಿ, ಊಟ ಬಿಡುವುದು, ಮಲಬದ್ಧತೆ ಕಾಣಿಸಬಹುದು. ಬಿಳಿ ರಕ್ತಕಣಗಳು ಇಳಿಯುವುದರಿಂದ ಪ್ರತಿ ಇಂಜೆಕ್ಷನ್‌ಗೆ ಮೊದಲು ರಕ್ತ ಪರೀಕ್ಷೆ ಆಗಲೇಬೇಕು. ಎಣಿಕೆ 4000ಕ್ಕಿಂತ ಕಡಿಮೆಯಿದ್ದರೆ ವೈದ್ಯರು ಕೆಲವು ದಿನ ಮುಂದೂಡುತ್ತಾರೆ.

ನಾದಿನಿಯವರ ವಿಷಯಕ್ಕೆ ಬರುತ್ತೇನೆ. ಇಂಜೆಕ್ಷನ್ ಆದ ಮೂರ್ನಾಲ್ಕು ದಿನ ಔಷಧಿಯ ಅಂಶ ನಾಯಿಯ ಮಲದಲ್ಲಿಯೂ ಮೂತ್ರದಲ್ಲಿಯೂ ಹೊರಬರುತ್ತದೆ. ಅದನ್ನು ಕೈಗವಸು ತೊಟ್ಟೇ ಸ್ವಚ್ಛಗೊಳಿಸಬೇಕು. ಗರ್ಭಿಣಿಯರು ಹಾಗೂ ಮಕ್ಕಳು ಆ ಕೆಲಸದ ಹತ್ತಿರವೂ ಸುಳಿಯಬಾರದು. ಇನ್ನು ನಿಮ್ಮ ಗಂಡು ನಾಯಿ: ಅದಕ್ಕೆ ಸಂತಾನಹರಣ ಆಗಿದ್ದರೂ ಅಪಾಯ ತಪ್ಪಿದ್ದಲ್ಲ, ಏಕೆಂದರೆ ಗಡ್ಡೆಯನ್ನು ಮೂಸುವುದರಿಂದ, ನೆಕ್ಕುವುದರಿಂದ ಮೂಗಿನಲ್ಲಿಯೂ ಬಾಯಲ್ಲಿಯೂ ಇದು ಬೆಳೆಯಬಲ್ಲದು. ಆದ್ದರಿಂದ ದತ್ತು ಪತ್ರಕ್ಕೆ ಈಗಲೇ ಸಹಿ ಹಾಕಿ, ಇಂಜೆಕ್ಷನ್ ಖರ್ಚನ್ನು ನೀವು ವಹಿಸಿಕೊಳ್ಳಿ, ವಾರಕ್ಕೊಮ್ಮೆ ಅದರ ಕಾಲು ಹಿಡಿಯಲು ನೀವೇ ಹೋಗಿ ಬನ್ನಿ. ಅಷ್ಟರಲ್ಲಿ ನಿಮ್ಮ ಪರಿಚಯವೂ ಅದಕ್ಕಾಗುತ್ತದೆ. ಕೇಂದ್ರದಲ್ಲಿಯೂ ಅದನ್ನು ಬೇರೆ ನಾಯಿಗಳೊಂದಿಗೆ ಬಿಡದಂತೆ ಕೇಳಿಕೊಳ್ಳಿ. ಅಲ್ಲಿ ಪ್ರತ್ಯೇಕ ಜಾಗವೇ ಇಲ್ಲವೆಂದಾದರೆ ಮಾತ್ರ ನಿಮ್ಮ ಮನೆಯಲ್ಲಿ ಬೇರೊಂದು ಕೋಣೆಯ ವ್ಯವಸ್ಥೆ ಮಾಡಿ ಕರೆತನ್ನಿ.

ನಾನು ಒತ್ತಿ ಹೇಳಬೇಕಾದ ಮಾತೊಂದಿದೆ. ಎರಡು ಮೂರು ಇಂಜೆಕ್ಷನ್‌ಗೆ ರಕ್ತ ನಿಂತು, ಗಡ್ಡೆ ಮೇಲ್ನೋಟಕ್ಕೆ ಮಾಯವಾದಾಗ ಎಷ್ಟೋ ಜನ ವೈದ್ಯರ ಬಳಿ ಬರುವುದನ್ನೇ ನಿಲ್ಲಿಸುತ್ತಾರೆ. ಉಳಿದ ಕೋಶಗಳು ಮತ್ತೆ ಬೆಳೆಯುತ್ತವೆ, ಮತ್ತು ಆಗ ಅದೇ ಔಷಧಿಗೆ ಬಗ್ಗದಿರಲೂಬಹುದು. ಒಳಗೆ ಏನೂ ಉಳಿದಿಲ್ಲವೆಂದು ವೈದ್ಯರು ಪರೀಕ್ಷಿಸಿ ಹೇಳುವವರೆಗೆ ಚಿಕಿತ್ಸೆ ಮುಗಿದಿಲ್ಲವೆಂದೇ ತಿಳಿಯಿರಿ. ವಾರಕ್ಕೊಮ್ಮೆ ಹೋಗಿಬರುವಷ್ಟು ಬಿಡುವು ನಿಮಗೂ ನಿಮ್ಮ ಯಜಮಾನರಿಗೂ ಇಲ್ಲವಾದರೆ ಆ ಮಾತನ್ನು ಕೇಂದ್ರದವರಿಗೆ ಈಗಲೇ ತಿಳಿಸಿ. ತಂದ ಮೇಲೆ ನಾಯಿಯನ್ನು ಬೀದಿಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಕೇಂದ್ರದಿಂದ ಎರಡೂ ಇಂಜೆಕ್ಷನ್‌ಗಳ ದಿನಾಂಕ, ಪ್ರಮಾಣ, ರಕ್ತ ಪರೀಕ್ಷೆಯ ವರದಿಗಳು ಮತ್ತು ರೇಬೀಸ್ ಲಸಿಕೆಯ ಚೀಟಿಯನ್ನು ಪಡೆದುಕೊಳ್ಳಿ. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಗಡ್ಡೆ ಪೂರ್ತಿ ಕರಗಿ ರಕ್ತಕಣಗಳು ಸರಿಹೋದ ಮೇಲೆ ಮಾಡಿಸಿ. ಅನಂತರದ ಆರು ತಿಂಗಳು ತಿಂಗಳಿಗೊಮ್ಮೆ ಆ ಭಾಗವನ್ನು ವೈದ್ಯರಿಗೆ ತೋರಿಸಿ. ಎರಡು ನಾಯಿಗಳಲ್ಲಿ ಯಾವುದಕ್ಕಾದರೂ ಒಂದೇ ಹೊಳ್ಳೆಯಿಂದ ರಕ್ತ ಬಂದರೆ ಅಥವಾ ಮುಖ ಒಂದು ಕಡೆ ಊದಿಕೊಂಡರೆ ತಿಂಗಳು ತುಂಬುವವರೆಗೆ ಕಾಯದೆ ಕೂಡಲೇ ಕರೆದುಕೊಂಡು ಹೋಗಿ.