ದೊಡ್ಡ ಹೋಟೆಲ್ ಎಂದು ನಿಶ್ಚಿಂತರಾಗಬೇಡಿ, ಚೀಸಿಗೆ ಹೆಪ್ಪು ಯಾವುದೆಂದು ಕೇಳಿ

ಧಾರವಾಡದಲ್ಲಿರುವ ಅಪ್ಪ-ಅವ್ವನನ್ನು ಮದುವೆಯ ನಲವತ್ತನೇ ವರ್ಷಕ್ಕೆ ಬೆಂಗಳೂರಿನ ಒಳ್ಳೆಯ ಇಟಾಲಿಯನ್ ರೆಸ್ಟೋರೆಂಟಿಗೆ ಕರೆದೊಯ್ಯಬೇಕು, ಯಾವುದು ಆದೀತು ಎಂದು ಕೇಳಿದ್ದೀರಿ. ಇಬ್ಬರೂ ಶುದ್ಧ ಸಸ್ಯಾಹಾರಿಗಳು, ಆದರೆ ದೊಡ್ಡ ಹೋಟೆಲ್ ಆದ್ದರಿಂದ ಆ ಚಿಂತೆಯಿಲ್ಲ ಎಂದೂ ಬರೆದಿದ್ದೀರಿ. ಆ ಒಂದು ಸಾಲನ್ನು ಓದಿ ಸುಮ್ಮನಿರಲು ನನ್ನಿಂದಾಗಲಿಲ್ಲ.

ನಮ್ಮದು ಹುಬ್ಬಳ್ಳಿ. ಅಪ್ಪ ರೈಲ್ವೆ ಕಾರ್ಯಾಗಾರದ ಕೆಲಸದಿಂದ ನಿವೃತ್ತರಾದ ವರ್ಷ ನಾನೂ ಹೀಗೆಯೇ ಹೊರಟಿದ್ದೆ. ಅವ್ವ ಗದಗ ಜಿಲ್ಲೆಯ ಹಳ್ಳಿಯವಳು. ಎಮ್ಮೆ ಕಟ್ಟಿ, ಹಾಲು ಹಿಂಡಿ, ಮಜ್ಜಿಗೆ ಕಡೆದು ಬೆಳೆದವಳು. ಲಿಂಗಪೂಜೆ ಆಗದೆ ಬೆಳಿಗ್ಗೆ ನೀರು ಕುಡಿಯುವುದಿಲ್ಲ, ಮೊಟ್ಟೆ ಹಾಕಿದ ಕೇಕನ್ನು ಮುಟ್ಟುವುದಿಲ್ಲ. ಮದುವೆ ಮನೆಯಲ್ಲೋ ಹೋಟೆಲಿನಲ್ಲೋ ಗೊತ್ತಿಲ್ಲದ ತಿನಿಸು ಎದುರಿಗೆ ಬಂದರೆ ನನ್ನ ಮುಖ ನೋಡಿ ‘ಇದು ನಮಗೆ ನಡೆಯುತ್ತದೇನು?’ ಎಂದು ಕೇಳುತ್ತಿದ್ದಳು. ನಾನು ಹೂಂ ಎಂದರೆ ತಿನ್ನುತ್ತಿದ್ದಳು. ಓದಿದ ಮಗ, ನಾಲ್ಕು ಊರು ಸುತ್ತಿದವನು, ಅವನಿಗೆ ತಿಳಿದಿರುತ್ತದೆ ಎಂಬ ನಂಬಿಕೆ ಅದು.

ಅಂದು ರಾತ್ರಿ ಮೆನುವಿನಲ್ಲಿ ಹಸಿರು ಚುಕ್ಕೆಗಳನ್ನು ನೋಡಿಯೇ ತಿನಿಸುಗಳನ್ನು ಆರಿಸಿದೆ. ಬಡಿಸುವ ಹುಡುಗನಿಗೆ ‘ಇವೆಲ್ಲ ವೆಜ್ ತಾನೆ?’ ಎಂದು ಕೇಳಿದೆ. ‘ಹೌದು ಸರ್’ ಎಂದ. ಅಪ್ಪನಿಗೆ ಅಣಬೆಯ ರಿಸೊಟ್ಟೊ, ಅಂದರೆ ಇಟಲಿಯವರ ಅನ್ನದ ತಿನಿಸು ಬಂತು. ಅವ್ವ ಅವರ ತಟ್ಟೆಯಿಂದ ಸ್ವಲ್ಪ ತಿಂದು, ಅಕ್ಕಿ ಇನ್ನೊಂದು ಕುದಿ ಬೇಯಬೇಕಿತ್ತು ಎಂದಳು. ಆಮೇಲೆ ಅವಳಿಗೆಂದು ಹೇಳಿದ್ದ ಪಾಸ್ತಾದ ಗಾಡಿ ನಮ್ಮ ಮೇಜಿನ ಬಳಿಗೆ ಬಂತು. ಗಾಡಿಯ ಮೇಲೆ ಅಡ್ಡಲಾಗಿ ಕತ್ತರಿಸಿದ ದೊಡ್ಡ ಚೀಸ್ ಗಾಲಿ, ಅದರ ನಡುವೆ ಕೊರೆದ ಗುಂಡಿ. ಹುಡುಗ ಚಮಚದ ಬೆನ್ನಿನಿಂದ ಗುಂಡಿಯ ಗೋಡೆಯನ್ನು ಕೆರೆದು, ಹಬೆಯಾಡುವ ಪಾಸ್ತಾವನ್ನು ಅದರೊಳಗೇ ಸುರಿದು ತಿರುವಿದ. ಕೆರೆದ ಚೂರುಗಳು ಕರಗಿ ಎಳೆಎಳೆಗೂ ಹತ್ತಿಕೊಂಡವು. ಅವ್ವ ಕುರ್ಚಿಯ ಅಂಚಿಗೆ ಸರಿದು ಕುಳಿತು ನೋಡಿದಳು. ಹಾಲಿನ ಕೆಲಸ ಅವಳಿಗೆ ಪ್ರಾಣ. ಇಷ್ಟು ಗಟ್ಟಿಯಾಗಲು ಎಷ್ಟು ದಿನ ಇಡುತ್ತಾರೆ, ಒಂದು ಗಾಲಿಗೆ ಎಷ್ಟು ಹಾಲು ಬೇಕು ಎಂದೆಲ್ಲ ಕೇಳಿದಳು. ವರ್ಷಕ್ಕೆ ಕಡಿಮೆ ಇಲ್ಲ ಅಮ್ಮ, ಹಾಲು ಐನೂರು ಲೀಟರಿಗೂ ಹೆಚ್ಚು ಎಂದು ಅವನು ಖುಷಿಯಿಂದಲೇ ಹೇಳಿದ.

‘ಹೆಪ್ಪು ಯಾವುದು ಹಾಕುತ್ತಾರೆ?’

ಹುಡುಗ ತನ್ನ ಕೆಲಸ ಚೆನ್ನಾಗಿ ಕಲಿತವನು, ಸುಳ್ಳು ಹೇಳಲಿಲ್ಲ. ‘ರೆನ್ನೆಟ್ ಅಮ್ಮ, ಕರುವಿನ ಹೊಟ್ಟೆಯಿಂದ ತೆಗೆದದ್ದು’ ಎಂದ.

‘ಕರುವನ್ನು ಕೊಂದು?’

‘ಹೌದಮ್ಮ.’

ಅವಳು ರಿಸೊಟ್ಟೊ ತೋರಿಸಿ ‘ಇದರಲ್ಲೂ ಅದೇ ಇದೆಯೇ?’ ಎಂದಳು. ಇತ್ತು. ಒಲೆಯಿಂದ ಇಳಿಸುವಾಗ ಬೆಣ್ಣೆಯ ಜೊತೆ ಅದೇ ಚೀಸನ್ನು ತುರಿದು ಕಲಸುವುದು ರಿಸೊಟ್ಟೊ ಮಾಡುವ ರೀತಿ. ಅವ್ವ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದಳು. ಬೈಯಲಿಲ್ಲ. ‘ನೀನು ಕೇಳಿದ್ದೆಯಲ್ಲ’ ಎಂದಳು, ಅಷ್ಟೇ. ಆ ದಿನದಿಂದ ಅವಳು ಎಲ್ಲಿಯೂ ನನ್ನ ಮುಖ ನೋಡಿ ‘ನಡೆಯುತ್ತದೇನು?’ ಎಂದು ಕೇಳಿಲ್ಲ. ಹೊರಗೆ ಹೋದರೆ ರೊಟ್ಟಿ-ಪಲ್ಯ ಇದ್ದಲ್ಲಿ ಅದನ್ನು, ಇಲ್ಲದಲ್ಲಿ ಬಾಳೆಹಣ್ಣು ತಿಂದು ಬರುತ್ತಾಳೆ.

ನಾನು ಎಡವಿದ್ದು ಎಲ್ಲಿ ಎಂಬುದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನೀವೂ ಸರಿಯಾಗಿ ಅಲ್ಲಿಯೇ ಕಾಲಿಡುತ್ತಿದ್ದೀರಿ. ನಾನು ಕೇಳಲಿಲ್ಲ ಎಂದಲ್ಲ, ಕೇಳಿದ್ದೆ. ಆದರೆ ಹೌದು-ಇಲ್ಲ ಎಂದು ಮುಗಿಸಬಹುದಾದ ಪ್ರಶ್ನೆಯನ್ನು, ಮೇಜುಗಳ ನಡುವೆ ಓಡಾಡುತ್ತಿದ್ದ ಹುಡುಗನಿಗೆ, ಊಟದ ಗದ್ದಲದ ಹೊತ್ತಿನಲ್ಲಿ ಕೇಳಿದ್ದೆ. ಅವನು ಮೆನುವಿನ ಚುಕ್ಕೆ ನೋಡಿ ಉತ್ತರಿಸಿದ. ಚುಕ್ಕೆ ಇಟ್ಟವರು ಮಾಂಸ, ಮೀನು, ಮೊಟ್ಟೆ ಇಲ್ಲವೆಂದು ಇಟ್ಟಿದ್ದರು. ನಮ್ಮ ಆಹಾರ ನಿಯಮಗಳು ಮಾಂಸಾಹಾರ ಎಂದರೇನು ಎಂದು ವಿವರಿಸುವಾಗಲೂ ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಹೊರಗಿಡುತ್ತವೆ. ಯಾರೂ ಮೋಸ ಮಾಡಲಿಲ್ಲ. ಅವ್ವನ ಪರವಾಗಿ ಕೇಳಬೇಕಾದದ್ದನ್ನು ನಾನು ಕೇಳಲಿಲ್ಲ. ಮೆನುವಿನಲ್ಲಿ ಚೀಸಿನ ಹೆಸರು ‘ಪಾರ್ಮಿಜಾನೊ ರೆಜ್ಜಾನೊ’ ಎಂದು ಸ್ಪಷ್ಟವಾಗಿ ಬರೆದಿತ್ತು. ಅದನ್ನು ಓದಿ ಅಸಲಿ ಮಾಲು ತರಿಸುತ್ತಾರೆ ಎಂದು ಹೆಮ್ಮೆಪಟ್ಟಿದ್ದೆ. ಅಸಲಿಯಾಗಿದ್ದದ್ದೇ ತೊಂದರೆ.

ಆ ಹೆಸರಿನ ಚೀಸನ್ನು ಇಟಲಿಯ ಪಾರ್ಮಾ, ರೆಜ್ಜೊ ಎಮಿಲಿಯಾ, ಮೊಡೆನಾ ಮತ್ತು ಅಕ್ಕಪಕ್ಕದ ಗೊತ್ತಾದ ಸೀಮೆಯಲ್ಲಿ ಮಾತ್ರ ಮಾಡಬೇಕು. ಹಾಲು, ಉಪ್ಪು, ಕರುವಿನ ರೆನ್ನೆಟ್ ಬಿಟ್ಟು ಬೇರೇನೂ ಸೇರಿಸುವಂತಿಲ್ಲ, ಕನಿಷ್ಠ 12 ತಿಂಗಳು ಮಾಗಿಸಬೇಕು ಎಂಬುದು ಅಲ್ಲಿನ ಕಟ್ಟಳೆ. ತಾಯಿಯ ಹಾಲನ್ನು ಅರಗಿಸಿಕೊಳ್ಳಲು ಎಳೆಗರುವಿನ ನಾಲ್ಕನೇ ಹೊಟ್ಟೆಯಲ್ಲಿ ಇರುವ ಕಿಣ್ವವೇ ಈ ರೆನ್ನೆಟ್. ಗ್ರಾನಾ ಪಡಾನೊ ಎಂಬ ಇನ್ನೊಂದು ಇಟಾಲಿಯನ್ ಚೀಸಿನಲ್ಲಿಯೂ ಬಳಸುವುದು ಕರುವಿನದನ್ನೇ. ಕುರಿ ಹಾಲಿನ ಚೀಸ್ ಪೆಕೊರಿನೊ ರೊಮಾನೊಗೆ ಕುರಿಮರಿಯದು. ನಮ್ಮಲ್ಲಿ ತಯಾರಾಗುವ ಅಮುಲ್‌ನಂಥ ಚೀಸಿಗೆ ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನ್ನೆಟ್ ಹಾಕುತ್ತಾರೆ. ಹಾಗಾಗಿ ಹುಬ್ಬಳ್ಳಿಯ ವಿದ್ಯಾನಗರದ ಸಣ್ಣ ಪಿಜ್ಜಾ ಅಂಗಡಿಯಲ್ಲಿ ನಮ್ಮ ದೇಶದ ಚೀಸ್ ಹಾಕಿ ಮಾಡಿದ್ದು ಅವ್ವನಿಗೆ ನಡೆದೀತು, ಇಟಲಿಯಿಂದ ತರಿಸಿದ ಚೀಸ್ ತುರಿಯುವ ದುಬಾರಿ ರೆಸ್ಟೋರೆಂಟಿನದು ನಡೆಯಲಾರದು. ಜಾಗ ದೊಡ್ಡದಾದಷ್ಟೂ, ಅಡುಗೆ ಅಸಲಿಯಾದಷ್ಟೂ ನೀವು ಹೆಚ್ಚು ಎಚ್ಚರವಾಗಿರಬೇಕು. ನೀವು ಇದನ್ನು ತಲೆಕೆಳಗು ಮಾಡಿ ನೋಡುತ್ತಿದ್ದೀರಿ.

ಆದ್ದರಿಂದ ಯಾವ ಹೋಟೆಲ್ ಎಂದು ನಾನು ಹೆಸರು ಹೇಳುವುದಿಲ್ಲ. ಯಾವ ಬಟ್ಟೆ, ಯಾವ ಕೈಯಲ್ಲಿ ಫೋರ್ಕ್ ಎಂದೂ ಕೇಳಿದ್ದೀರಿ. ಒಗೆದ ಬಟ್ಟೆ ಸಾಕು, ಕೈಯಲ್ಲಿ ತಿಂದರೂ ಯಾರೂ ಎಬ್ಬಿಸಿ ಕಳುಹಿಸುವುದಿಲ್ಲ. ನಿಮ್ಮ ಶಕ್ತಿಯನ್ನೆಲ್ಲ ಒಂದು ಫೋನ್ ಕರೆಗೆ ಇಡಿ. ಮಧ್ಯಾಹ್ನದ ಊಟ ಮುಗಿದು ರಾತ್ರಿಯದು ಶುರುವಾಗುವ ಮೊದಲು, ನಾಲ್ಕು ಗಂಟೆಯ ಹೊತ್ತಿಗೆ ಮಾಡಿ. ಸ್ವಾಗತಕಾರರ ಜೊತೆ ಮಾತು ಮುಗಿಸದೆ ಶೆಫ್ ಬೇಕೆಂದು ಕೇಳಿ. ಸಸ್ಯಾಹಾರಿಗಳು ಎಂದಷ್ಟೇ ಹೇಳಬೇಡಿ. ಯಾವ ಚೀಸ್, ಅದರ ಪೊಟ್ಟಣದ ಮೇಲೆ ರೆನ್ನೆಟ್ ಯಾವುದೆಂದು ಬರೆದಿದೆ ಎಂದು ಕೇಳಿ. ರಿಸೊಟ್ಟೊ, ಸೂಪುಗಳಿಗೆ ಕೋಳಿಯ ಸಾರು ಬಳಸುತ್ತಾರೋ ತರಕಾರಿಯದೋ ಎಂದು ಕೇಳಿ. ರಿಸೊಟ್ಟೊಗೆ ಮೊದಲಲ್ಲೇ ಬಿಳಿ ವೈನ್ ಸುರಿಯುವ ವಾಡಿಕೆಯಿದೆ, ಮದ್ಯ ಮುಟ್ಟದ ಮನೆಯಾದರೆ ಅದನ್ನೂ ಹೇಳಿ. ಅಲ್ಲೇ ನಾದಿ ಮಾಡುವ ತಾಜಾ ಪಾಸ್ತಾಗೆ ಸಾಮಾನ್ಯವಾಗಿ ಮೊಟ್ಟೆ ಬೀಳುತ್ತದೆ. ಒಣ ಪಾಸ್ತಾ ಹೆಚ್ಚಾಗಿ ಡ್ಯೂರಮ್ ಗೋಧಿಯ ರವೆ ಮತ್ತು ನೀರು, ನಮ್ಮ ಬನ್ಸಿ ರವೆಯ ಜಾತಿಯದೇ. ಶೆಫ್ ಸಮಾಧಾನದಿಂದ ಉತ್ತರಿಸಿದರೆ ಮೇಜು ಕಾಯ್ದಿರಿಸಿ. ‘ಎಲ್ಲ ವೆಜ್ ಇದೆ, ಬನ್ನಿ ಸರ್’ ಎಂದಷ್ಟೇ ಹೇಳಿ ಫೋನ್ ಇಟ್ಟರೆ ಬಿಟ್ಟುಬಿಡಿ, ಆ ಹೋಟೆಲಿಗೆ ಎಷ್ಟೇ ಹೆಸರಿರಲಿ.

ಫೋನಿಗೂ ಮೊದಲು ಅಪ್ಪ-ಅವ್ವನಿಗೆ ರೆನ್ನೆಟ್ ವಿಷಯ ಹೇಳಿ. ಕೆಲವರು ಹಾಲಿನದು ತಾನೆ, ನಡೆಯುತ್ತದೆ ಎನ್ನುತ್ತಾರೆ, ಕೆಲವರಿಗೆ ಖಂಡಿತ ಆಗದು. ಅವರ ಪರವಾಗಿ ನೀವು ತೀರ್ಮಾನಿಸಬೇಡಿ, ನಾನು ತೀರ್ಮಾನಿಸಿದ್ದೆ. ಆಗದು ಎಂದರೂ ಊಟಕ್ಕೇನೂ ಕೊರತೆಯಿಲ್ಲ. ಮಾರಿನಾರಾ ಪಿಜ್ಜಾಕ್ಕೆ ಚೀಸ್ ಹಾಕುವ ಪದ್ಧತಿಯೇ ಇಲ್ಲ, ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ ಅಷ್ಟೇ. ಬೆಳ್ಳುಳ್ಳಿ, ಎಣ್ಣೆ, ಒಣಮೆಣಸಿನಕಾಯಿಯ ಪಾಸ್ತಾ ಆಲಿಯೊ ಎ ಒಲಿಯೊ ಇದೆ. ಇದನ್ನು ನಾನು ಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಹಾಕಿ ಮಾಡಿದಾಗ ಅವ್ವ ಒಲೆಯ ಪಕ್ಕದಲ್ಲೇ ನಿಂತು, ಬಾಣಲೆಗೆ ಬಿದ್ದ ಪ್ರತಿಯೊಂದನ್ನೂ ನೋಡಿ, ಆಮೇಲೆ ತಿಂದಳು. ಬೇಸಿಲ್ ಎಲೆಯ ಚಟ್ನಿಯಂಥ ಪೆಸ್ಟೊ ಬೇಕೆಂದರೆ ಚೀಸ್ ಬಿಟ್ಟು ಅರೆಯಲು ಬೆಳಿಗ್ಗೆಯೇ ಹೇಳಿಡಬೇಕು. ಸಿಹಿಗೆ ಟಿರಾಮಿಸು ಬೇಡ, ಅದರಲ್ಲಿ ಮೊಟ್ಟೆ ಇರುತ್ತದೆ. ಪನ್ನಾ ಕೋಟಾ ಸಾಮಾನ್ಯವಾಗಿ ಗಟ್ಟಿಯಾಗುವುದು ಪ್ರಾಣಿಮೂಲದ ಜೆಲಟಿನ್‌ನಿಂದ, ಅದೂ ಬೇಡ. ಹಣ್ಣಿನ ರಸವನ್ನು ಹೆಪ್ಪುಗಟ್ಟಿಸಿದ ಸೊರ್ಬೆ ಇದ್ದರೆ ತರಿಸಿ, ಇಲ್ಲದಿದ್ದರೆ ಧಾರವಾಡದಿಂದ ಹೊರಡುವಾಗಲೇ ಒಂದು ಪೊಟ್ಟಣ ಪೇಡೆ ಇಟ್ಟುಕೊಂಡು ಹೋಗಿ.