ಗೋಡೆಗೂಡಿನ ಜೇನಿಗೆ ಯಾರನ್ನು ಕರೆಯಬೇಕು?

ಓದುಗರ ಪ್ರಶ್ನೆಗಳು

ಉತ್ತರಿಸುವವರು: ಸಿದ್ದಾಪುರ ತಾಲ್ಲೂಕಿನ ಜೇನು ಕೃಷಿಕರು. ಹತ್ತೊಂಬತ್ತು ವರ್ಷಗಳಿಂದ ಬೆಂಗಳೂರಿನಲ್ಲಿದ್ದು, ಮನೆಗಳಲ್ಲಿ ನೆಲೆಸಿದ ಜೇನು ಕುಟುಂಬಗಳನ್ನು ಜೀವಸಹಿತ ಬಿಡಿಸಿಕೊಡುತ್ತಿದ್ದಾರೆ.

ಪ್ರಶ್ನೆ: ನಮ್ಮದು ಹಳೆಯ ಮನೆ. ಮಲಗುವ ಕೋಣೆಯ ಗೋಡೆಗೂಡೊಂದನ್ನು ಪ್ಲೈವುಡ್ ಹೊಡೆದು ಮುಚ್ಚಿಸಿದ್ದೆವು. ಹೊರಗೋಡೆಯ ಬಿರುಕಿನಿಂದ ಎರಡು ತಿಂಗಳಿಂದ ಜೇನುನೊಣಗಳು ಅದರೊಳಗೆ ಹೋಗಿ ಬರುತ್ತಿವೆ. ಯಾರನ್ನೂ ಕಚ್ಚಿಲ್ಲ. ಆದರೆ ಮನೆಯಲ್ಲಿ ಎಪ್ಪತ್ತಾರು ವರ್ಷದ ಅತ್ತೆ ಮತ್ತು ನಾಲ್ಕು ವರ್ಷದ ಮಗು ಇದ್ದಾರೆ. ಒಬ್ಬರು ಎಂಟುನೂರು ರೂಪಾಯಿಗೆ ಔಷಧಿ ಹೊಡೆದು ಬಿರುಕು ಮುಚ್ಚಿಕೊಡುತ್ತೇನೆ ಎನ್ನುತ್ತಾರೆ. ಇನ್ನೊಬ್ಬರು ಪ್ಲೈವುಡ್ ಬಿಚ್ಚಿ ಪೆಟ್ಟಿಗೆಗೆ ತುಂಬಿಕೊಂಡು ಹೋಗಲು ಮೂರೂವರೆ ಸಾವಿರ ಕೇಳುತ್ತಾರೆ. ಇಷ್ಟು ವ್ಯತ್ಯಾಸ ಏಕೆ?
– ಗೃಹಿಣಿ, ಜಯನಗರ, ಬೆಂಗಳೂರು

ಉತ್ತರ: ಅಮ್ಮಾ, ಎಂಟುನೂರು ರೂಪಾಯಿಯವರು ನೊಣಗಳನ್ನು ಕೊಂದು ಗೂಡನ್ನು ನಿಮ್ಮ ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ಒಳಗೆ ಸಾವಿರಾರು ಸತ್ತ ನೊಣಗಳು, ಕೊಳೆಯುವ ಮರಿಗಳು, ವಿಷ ಬೆರೆತ ತುಪ್ಪ ಉಳಿಯುತ್ತವೆ. ಜೀವಂತ ನೊಣಗಳು ರೆಕ್ಕೆ ಬೀಸಿ ಎರಿಗಳನ್ನು, ಅಂದರೆ ಗೂಡಿನ ಮೇಣದ ಹಲ್ಲೆಗಳನ್ನು, ತಂಪಾಗಿಟ್ಟಿರುತ್ತವೆ. ಬೀಸುವವರಿಲ್ಲದ ಮೇಲೆ ಬೇಸಿಗೆಯ ಕಾವಿಗೆ ಮೇಣ ಕುಸಿದು ತುಪ್ಪ ಗೋಡೆಯಲ್ಲಿ ಒಸರುತ್ತದೆ. ಹಿಂದೆಯೇ ಇರುವೆ, ಮೇಣದ ಚಿಟ್ಟೆ, ನಾತ. ಇಂಥ ಗೋಡೆಗಳನ್ನು ಬಿಚ್ಚಿ ತೊಳೆಯಲೆಂದು ನನ್ನನ್ನು ಎಷ್ಟೋ ಸಲ ಕರೆದಿದ್ದಾರೆ. ಅಷ್ಟು ಹೊತ್ತಿಗೆ ಉಳಿಸುವುದಕ್ಕೆ ಏನೂ ಇರುವುದಿಲ್ಲ.

ನೀವು ಬರೆದಿರುವುದನ್ನು ನೋಡಿದರೆ ಅವು ತುಡುವೆ ಜೇನು. ಕತ್ತಲಿರುವ ಪೊಟರೆಯೊಳಗೆ ಒಂದರ ಪಕ್ಕ ಒಂದರಂತೆ ಹಲವು ಎರಿ ಕಟ್ಟುವುದು ಅವುಗಳ ರೀತಿ. ಖಚಿತ ಮಾಡಿಕೊಳ್ಳಬೇಕಾದರೆ ಸಂಜೆ ಕೋಣೆಯ ಒಳಗಿನಿಂದ ಪ್ಲೈವುಡ್ಡಿನ ಮೇಲೆ ಅಂಗೈ ಇಡಿ. ಒಂದು ಕಡೆ ಮಾತ್ರ ಬೆಚ್ಚಗಿರುತ್ತದೆ, ಮರಿಗಳಿರುವುದು ಅಲ್ಲಿ. ಬೆರಳ ಗೆಣ್ಣಿನಿಂದ ಒಮ್ಮೆ ಮೆಲ್ಲಗೆ ತಟ್ಟಿ ಕಿವಿಗೊಟ್ಟರೆ ‘ಹುಸ್’ ಎಂಬ ಸದ್ದು ಒಂದೇ ಉಸಿರಿನಂತೆ ಎದ್ದು ಅಡಗುತ್ತದೆ. ಇಡೀ ಕುಟುಂಬ ಒಟ್ಟಿಗೆ ಮೈ ಅಲುಗಿಸುವ ಸದ್ದು ಅದು. ಇಷ್ಟು ವರ್ಷಗಳ ನಂತರವೂ ಆ ಸದ್ದು ಕೇಳಿದರೆ ನನ್ನ ಕೈ ತಾನಾಗಿ ನಿಧಾನವಾಗುತ್ತದೆ.

ಮೂರೂವರೆ ಸಾವಿರ ಕೇಳಿದವರು ಅರ್ಧ ದಿನಕ್ಕಿಂತ ಹೆಚ್ಚು ನಿಮ್ಮ ಮನೆಯಲ್ಲಿರಬೇಕಾಗುತ್ತದೆ. ಬಿಸಿಲಿರುವಾಗ, ಹೆಚ್ಚಿನ ನೊಣಗಳು ಮೇವಿಗೆ ಹೋಗಿರುವಾಗ ಪ್ಲೈವುಡ್ ಬಿಚ್ಚಬೇಕು. ಹೊಗೆತಿದಿಯಿಂದ ಎರಡು ಮೂರು ಸಲ ಹಗುರವಾಗಿ ಹೊಗೆ ಕೊಟ್ಟರೆ ಸಾಕು. ಹೆಚ್ಚಾದರೆ ರಾಣಿ ಮೂಲೆ ಹಿಡಿದು ಅವಿತುಕೊಳ್ಳುತ್ತದೆ. ಎರಿಗಳನ್ನು ಒಂದೊಂದಾಗಿ ಕೊಯ್ದು, ಮರಿ ಇರುವವನ್ನು ಚೌಕಟ್ಟಿಗೆ ಬಾಳೆನಾರಿನಿಂದ ಕಟ್ಟಿ, ಪೆಟ್ಟಿಗೆಯ ಸಂಸಾರ ಕೋಣೆಯಲ್ಲಿ, ಅಂದರೆ ಮರಿಗಳು ಬೆಳೆಯುವ ಭಾಗದಲ್ಲಿ, ಗೋಡೆಯಲ್ಲಿದ್ದ ಕ್ರಮದಲ್ಲೇ ಇಡಬೇಕು. ಮುಂದೆ ಆ ನಾರನ್ನು ನೊಣಗಳೇ ಕಡಿದು ಹೊರಗೆ ಹಾಕುತ್ತವೆ. ತುಪ್ಪದ ಎರಿಗಳು ಬೇರೆ ಪಾತ್ರೆಗೆ.

ಹೊತ್ತು ಹಿಡಿಯುವುದು ರಾಣಿಯ ಹುಡುಕಾಟ. ಉಳಿದವಕ್ಕಿಂತ ಕಪ್ಪಗಿನ, ಉದ್ದ ಹೊಟ್ಟೆಯ ಒಂದೇ ಒಂದು ನೊಣ. ಅದು ಪೆಟ್ಟಿಗೆ ಸೇರಿತೋ ಇಲ್ಲವೋ ಎಂಬುದನ್ನು ಬಾಗಿಲಲ್ಲಿರುವ ನೊಣಗಳು ತಿಳಿಸುತ್ತವೆ: ಕೆಲವು ಹಿಂಭಾಗ ಮೇಲೆತ್ತಿ ನಿಂತು ರೆಕ್ಕೆ ಬೀಸುತ್ತ ವಾಸನೆ ಹರಡಿ ಉಳಿದವನ್ನು ಕರೆಯುತ್ತವೆ. ಗೋಡೆಯಲ್ಲಿ ಮುದ್ದೆಯಾಗಿದ್ದವೆಲ್ಲ ಸಾಲುಗಟ್ಟಿ ನಡೆದು ಒಳಗೆ ಹೋಗುವುದನ್ನು ಮಗುವಿಗೆ ಕಿಟಕಿಯ ಗಾಜಿನ ಆಚೆಯಿಂದ ತೋರಿಸಿ. ಮೇವಿಗೆ ಹೋದವು ಹಿಂತಿರುಗುವ ತನಕ ಪೆಟ್ಟಿಗೆ ಅಲ್ಲೇ ಇರಬೇಕು. ಕತ್ತಲಾದ ಮೇಲೆ ಬಾಗಿಲು ಮುಚ್ಚಿ, ಮೂರು ಕಿಲೋಮೀಟರ್‌ಗಿಂತ ದೂರ ಒಯ್ಯಬೇಕು. ಹತ್ತಿರವಿಟ್ಟರೆ ಮರುದಿನ ನೊಣಗಳು ನಿಮ್ಮ ಗೋಡೆಗೇ ಮರಳುತ್ತವೆ. ಕೊನೆಗೆ ಮೇಣದ ಚೂರೂ ಉಳಿಯದಂತೆ ಕೆರೆದು, ತೊಳೆದು, ಬಿರುಕಿಗೆ ಸಿಮೆಂಟ್ ಹಾಕಿಸಿ. ವಾಸನೆ ಉಳಿದರೆ ಇನ್ನೊಂದು ಕುಟುಂಬ ಬರುತ್ತದೆ.

ಯಾರೇ ಬರಲಿ, ಕೆಲಸಕ್ಕೆ ಒಪ್ಪುವ ಮೊದಲು ಒಂದು ಪ್ರಶ್ನೆ ಕೇಳಿ: “ನೊಣಗಳನ್ನು ಎಲ್ಲಿಗೆ ಒಯ್ಯುತ್ತೀರಿ?” ಇಂಥ ಊರಿನ ಇಂಥ ತೋಟಕ್ಕೆ ಎಂದು ತಡವರಿಸದೆ ಹೇಳಿದರೆ ಒಪ್ಪಿಸಿ. ತುಪ್ಪ ಎಷ್ಟಿರಬಹುದು ಎಂದು ಮೊದಲು ಕೇಳುವವರನ್ನು ಕಳುಹಿಸಿಬಿಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನನ್ನು ಬಹುಮಟ್ಟಿಗೆ ಅಳಿಸಿಹಾಕಿತು. ನಮ್ಮ ಅಡಿಕೆ ತೋಟದ ಅಂಚಿನಲ್ಲಿ ಅಪ್ಪ ಇಪ್ಪತ್ತೆರಡು ಪೆಟ್ಟಿಗೆ ಇಟ್ಟಿದ್ದರು. ಮರಿಗಳು ನೀರು ತುಂಬಿದ ಚೀಲದಂತಾಗಿ ಕೋಶದಲ್ಲೇ ಸತ್ತವು. ಮುಂದಿನ ಮಳೆಗಾಲಕ್ಕೆ ಇಪ್ಪತ್ತೆರಡೂ ಖಾಲಿ. ಆಮೇಲೆ ಅಪ್ಪ ಮತ್ತೆ ಜೇನು ಸಾಕಿದ್ದು ಮರದ ಪೊಟರೆಯಲ್ಲಿ, ಕಲ್ಲುಸಂದಿಯಲ್ಲಿ ಉಳಿದುಕೊಂಡಿದ್ದ ಕಾಡು ಕುಟುಂಬಗಳಿಂದ. ಯಾರ ಆರೈಕೆಯೂ ಇಲ್ಲದೆ ಬದುಕಿದ ಅಂಥದೊಂದು ಕುಟುಂಬವೇ ನಿಮ್ಮ ಗೋಡೆಗೂಡಿಗೂ ಬಂದು ಕುಳಿತಿರುವುದು. ಅದನ್ನು ಕೊಲ್ಲಬೇಡಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಆರನೆಯ ಮಹಡಿಯ ಬಾಲ್ಕನಿಯ ಅಡಿಯಲ್ಲಿ ದೊಡ್ಡ ಹೆಜ್ಜೇನು ಕಟ್ಟಿದೆ. ರಾತ್ರಿ ನೊಣಗಳು ಮನೆಯೊಳಗೆ ಬರುತ್ತಿವೆ. ಶನಿವಾರ ರಾತ್ರಿ ಬೆಂಕಿ ಹಿಡಿಸಿ ಓಡಿಸಲು ಸಂಘದವರು ನಿರ್ಧರಿಸಿದ್ದಾರೆ. ಬೇರೆ ದಾರಿ ಇದೆಯೇ?
– ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ದಯವಿಟ್ಟು ಶನಿವಾರದ ಕೆಲಸ ನಿಲ್ಲಿಸಿ. ಹೀಗೆಯೇ ಸುಟ್ಟ ಕಟ್ಟಡವೊಂದಕ್ಕೆ ಮರುದಿನ ಬೆಳಿಗ್ಗೆ ನಾನು ಹೋಗಿದ್ದೆ. ರೆಕ್ಕೆ ಸುಟ್ಟು ಸಾಯದೆ ಉಳಿದ ನೊಣಗಳು ಮೆಟ್ಟಿಲ ತುಂಬ ತೆವಳುತ್ತಿದ್ದವು. ಕಸ ಗುಡಿಸುವ ಹೆಂಗಸು ಮೊರಕ್ಕೆ ತುಂಬುತ್ತ ಅಳುತ್ತಿದ್ದರು. ಅವರ ಪಾದಕ್ಕೆ ನಾಲ್ಕು ಕಡೆ ಚುಚ್ಚಿತ್ತು. ಮೇಣದ ಕಲೆ ತಾರಸಿಗೆ ಅಂಟಿಯೇ ಇತ್ತು. ಮುಂದಿನ ವರ್ಷ ಅದೇ ಜಾಗಕ್ಕೆ ಹೆಜ್ಜೇನು ಬಂದು ಕೂತಿತು.

ಹೆಜ್ಜೇನು ಬಯಲಿನಲ್ಲಿ ಒಂದೇ ದೊಡ್ಡ ಎರಿ ಕಟ್ಟುವ ಜಾತಿ, ಪೆಟ್ಟಿಗೆಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ತುಡುವೆಯಂತೆ ಒಯ್ದು ಸಾಕುತ್ತೇನೆ ಎಂದು ನಾನು ಯಾರಿಗೂ ಮಾತು ಕೊಡುವುದಿಲ್ಲ. ಆದರೆ ಅದು ವಲಸೆಯ ಜೇನು. ಹೂವಿನ ಕಾಲ ಮುಗಿದಾಗ ತಾನಾಗಿ ಹೊರಡುತ್ತದೆ. ಎರಿಯನ್ನು ಪರದೆಯಂತೆ ಮುಚ್ಚಿರುವ ನೊಣಗಳು ತೆಳುವಾಗಿ ಬರಿಯ ಮೇಣ ಕಾಣತೊಡಗಿದರೆ ಹೊರಡುವ ದಿನ ಹತ್ತಿರ ಬಂತು ಎಂದು ತಿಳಿಯಿರಿ. ಕೊಡಗು ನಿಮಗೆ ದೂರವಲ್ಲ. ಅಲ್ಲಿನ ರೊಬಸ್ಟಾ ಕಾಫಿ ಕಾಯಿ ಕಚ್ಚಲು ಬೇರೆ ಗಿಡದ ಪರಾಗ ಬೇಕು. ಹೂವು ನಿಲ್ಲುವ ಆ ಕೆಲವೇ ದಿನಗಳಲ್ಲಿ ಪರಾಗ ಸಾಗಿಸುವವುಗಳಲ್ಲಿ ಹೆಜ್ಜೇನು ಮುಖ್ಯ.

ಅಲ್ಲಿಯವರೆಗೆ ಆ ಬಾಲ್ಕನಿಯ ಬಾಗಿಲು ಮುಚ್ಚಿರಲಿ. ಕತ್ತಲಾದ ಮೇಲೆ ಆ ಬದಿಯ ದೀಪ ಆರಿಸಿ, ಪರದೆ ಎಳೆಯಿರಿ. ನೊಣ ಒಳಗೆ ಬರುವುದು ಬೆಳಕಿಗೆ. ಹತ್ತಿರ ಪಟಾಕಿ, ಹೊಗೆ, ಕಲ್ಲು ಬೇಡ. ಒಂದು ಚುಚ್ಚಿದರೆ ಅದರ ವಾಸನೆ, ಮಾಗಿದ ಬಾಳೆಹಣ್ಣಿನ ವಾಸನೆಯಂಥದು, ಉಳಿದವನ್ನು ಅಲ್ಲಿಗೇ ಕರೆಯುತ್ತದೆ. ಕೈ ಬೀಸದೆ ಒಳಗೆ ಓಡಿ ಬಾಗಿಲು ಹಾಕಿಕೊಳ್ಳಿ. ಮುಳ್ಳನ್ನು ಉಗುರಿನಿಂದ ತಕ್ಷಣ ಕೆರೆದು ತೆಗೆಯಿರಿ. ಉಸಿರು ಕಟ್ಟಿದರೆ, ತುಟಿ, ಮುಖ ಊದಿದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಿ.

ಶಾಲೆಯ ಬಾಗಿಲಂಥ ಜಾಗವಾಗಿ ಕಾಯುವಂತಿಲ್ಲದಿದ್ದರೆ, ಹಗ್ಗ ಕಟ್ಟಿಕೊಂಡು ಇಳಿದು ಹೊಗೆಯಿಂದ ನೊಣ ಎಬ್ಬಿಸಿ ಎರಿ ಕೊಯ್ಯುವ ಅನುಭವಸ್ಥರಿದ್ದಾರೆ. ಆಗ ಮರಿಗಳು ಹೋಗುತ್ತವೆ, ದೊಡ್ಡ ನೊಣಗಳು ಉಳಿಯುತ್ತವೆ. ಆರನೆಯ ಮಹಡಿಯ ಮರೆಯಲ್ಲಿರುವ ಎರಿಗೆ ಅದೂ ಬೇಕಿಲ್ಲ. ಜೇನು ಹೋದ ವಾರದಲ್ಲೇ ಮೇಣ ಕೆರೆಸಿ ಬಲೆ ಕಟ್ಟಿಸಿ.

ಪ್ರಶ್ನೆ: ಮೀಟರ್ ಬಾಕ್ಸಿನ ಹಿಂದಿನಿಂದ ಸೊಳ್ಳೆಯಷ್ಟು ಚಿಕ್ಕ ಕಪ್ಪು ನೊಣಗಳು ಬರುತ್ತಿವೆ. ಗೋಡೆಯಲ್ಲಿ ಮೇಣದ ಸಣ್ಣ ನಳಿಕೆ ಕಾಣುತ್ತದೆ. ತೆಗೆಸಬೇಕೇ?
– ಅಂಗಡಿ ಮಾಲೀಕರು, ಪುತ್ತೂರು

ಉತ್ತರ: ಬೇಡ. ಅದು ಮುಜಂಟಿ ಜೇನು, ಚುಚ್ಚುವ ಮುಳ್ಳೇ ಅದಕ್ಕಿಲ್ಲ. ನನ್ನ ಬಾಡಿಗೆ ಮನೆಯ ಗೇಟಿನ ಕಂಬದಲ್ಲೂ ಒಂದು ಕುಟುಂಬ ಒಂಬತ್ತು ವರ್ಷಗಳಿಂದ ಇದೆ. ಹೋದ ದೀಪಾವಳಿಗೆ ಬಣ್ಣ ಬಳಿಯಲು ಬಂದವರಿಗೆ ಆ ನಳಿಕೆಯ ಸುತ್ತ ಒಂದು ಗೇಣು ಜಾಗ ಬಿಡಿ ಎಂದು ಕೇಳಿಕೊಂಡಿದ್ದೆ. ಬಿಟ್ಟಿದ್ದಾರೆ.